ನೆರೂಳದ ಗ್ರೈಂಡರಿಗೆ ನಾವು ಮೂವರು

ಹೋಟೆಲಿನ ಮಾಲೀಕ ಅಣ್ಣ ನಮ್ಮ ಮೂವರನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಕರೆಸಿದ್ದು ಅಕಸ್ಮಾತ್ ಅಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ ಹೋದ ಮೇಲೆ. ನಾನಂತೂ ನನ್ನ ರಬ್ಬರ್ ಕಾರ್ಖಾನೆಯ ಒಂದು ದಿನದ ಕೆಲಸ ಹಾಳಾಯಿತೆಂದು ಬೈದುಕೊಳ್ಳುತ್ತಲೇ ಡೊಂಬಿವಲಿಯಲ್ಲಿ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಕ್ಕೆ ಹೋಗಿದ್ದೆ. ಇಡ್ಲಿ ಬೇಯಿಸುವ ಪೆಟ್ಟಿಗೆಯ ಬಾಗಿಲಿನ ರಬ್ಬರು ಮತ್ತೆ ಹರಿದಿರಬೇಕು ಎಂದುಕೊಂಡು ಚೀಲದಲ್ಲಿ ಹೊಸದೊಂದನ್ನು ಸುತ್ತಿ ಇಟ್ಟುಕೊಂಡಿದ್ದೆ. ಹೋಗಿ ನೋಡಿದರೆ ಅಡುಗೆಮನೆಯ ಪಕ್ಕದ ಮೇಜಿಗೆ ಆಗಲೇ ಇಬ್ಬರು ಕೂತು ಕಾಫಿ ಕುಡಿಯುತ್ತಿದ್ದರು.

ಒಬ್ಬರು ಕಳಂಬೋಲಿಯವರು. ಅಲ್ಲಿನ ಕಬ್ಬಿಣದ ಮಾರ್ಕೆಟಿನ ಹಿಂದೆ ಅವರದೊಂದು ಗಾಳಾ, ಸಣ್ಣ ಕಾರ್ಖಾನೆಯ ಶೆಡ್ಡು, ಇದೆ. ಹೋಟೆಲುಗಳ ಒಲೆ, ಮೇಜು, ಪೆಟ್ಟಿಗೆ ಎಲ್ಲ ವೆಲ್ಡಿಂಗ್ ಮಾಡಿಕೊಡುತ್ತಾರೆ. ಉಡುಪಿ ಕಡೆಯವರು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು, ಮೊದಲ ದಿನದಿಂದ ನನ್ನನ್ನು ಅಕ್ಕ ಎನ್ನುತ್ತಾರೆ. ಇನ್ನೊಬ್ಬ ಠಾಣೆಯವನು, ಮೋಟಾರು ಮತ್ತು ಅದರ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಕಟ್ಟುವವನು. ಧಾರವಾಡದ ಕಡೆಯ ಮನೆತನ, ಆದರೆ ಹುಟ್ಟಿ ಬೆಳೆದದ್ದೆಲ್ಲ ಠಾಣೆ. ನಮ್ಮ ಕನ್ನಡ ಅವನಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಇಬ್ಬರು ಮಕ್ಕಳ ತಂದೆ, ಆದರೂ ನಮ್ಮಿಬ್ಬರ ಮುಂದೆ ಸಾಲೆಯ ಹುಡುಗನಂತೆ ಕೈಕಟ್ಟಿ ಕೂರುತ್ತಾನೆ.

ನಾವು ಮೂವರೂ ಆ ಹೋಟೆಲಿಗೆ ಬೇರೆಬೇರೆಯಾಗಿ ಮಾಲು ಕೊಡುತ್ತಿದ್ದವರು. ಒಬ್ಬರ ಮುಖ ಒಬ್ಬರಿಗೆ ಗೊತ್ತು, ಒಬ್ಬರ ಕೆಲಸದ ಬಗ್ಗೆ ಒಬ್ಬರಿಗೆ ಅಭಿಪ್ರಾಯವೂ ಇತ್ತು. ಮೂವರೂ ಕೂಡಿ ಕೆಲಸ ಮಾಡಿದ್ದು ಮಾತ್ರ ಇಲ್ಲ.

ಅಣ್ಣ ನಮಗೆ ದೋಸೆ ಹಾಕಿಸಿ, ತಾವು ನಿಂತುಕೊಂಡೇ ವಿಷಯ ಹೇಳಿದರು. ಹೋಟೆಲು ಇರುವುದು ಹಳೆಯ ಸೊಸೈಟಿ ಕಟ್ಟಡದ ನೆಲ ಅಂತಸ್ತಿನಲ್ಲಿ. ಅಡುಗೆಮನೆಯ ನೇರ ಮೇಲೆ ಒಬ್ಬರು ಮರಾಠಿ ಆಜಿಯ ಮನೆ. ಆಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮನೆಗೆ ಬಂದಿದ್ದರು. ಅಣ್ಣ ಉಪ್ಪಿಟ್ಟು ತೆಗೆದುಕೊಂಡು ನೋಡಲು ಹೋಗಿ ಆಜಿಯ ಮಂಚದ ತುದಿಯಲ್ಲಿ ಕೂತಿದ್ದಾರೆ. ಅಷ್ಟರಲ್ಲಿ ಕೆಳಗೆ ಗ್ರೈಂಡರ್ ಶುರುವಾಗಿದೆ. ಗೋಡೆಯಿಂದ ಮಂಚಕ್ಕೆ, ಮಂಚದಿಂದ ಕೂತವರ ಬೆನ್ನಿಗೆ ಆ ನಡುಕ ಹತ್ತಿದೆ. ಆಜಿ ಕಣ್ಣು ಮುಚ್ಚಿ ತುಟಿ ಕಚ್ಚಿಕೊಂಡರಂತೆ. ಕೇಳಿದರೆ ಏನೂ ಆಗಿಲ್ಲ ಎಂದರಂತೆ.

"ಎರಡು ವಾರ ನುಂಗಿಕೊಂಡು ಮಲಗಿದ್ದಾರೆ. ಮಗನೂ ಒಂದು ಮಾತು ಹೇಳ್ಲಿಲ್ಲ ನನ್ಹತ್ರ," ಎಂದರು ಅಣ್ಣ. "ನಾನು ಇಲ್ಲಿ ಹೋಟೆಲ್ ಇಟ್ಟಾಗ ಗ್ಯಾಸ್ ಸಿಗದೆ ಪೇಚಾಡ್ತಿದ್ದೆ. ತಮ್ಮ ಮನೆಯ ಸಿಲಿಂಡರ್ ಕೆಳಗೆ ಇಳಿಸಿ ಕೊಟ್ಟವರು ಅವರು. ಅವರ ಮೂಳೆಯ ಮೇಲೆ ನಾನು ಉದ್ದು ಅರೆಯುದಾ?"

ಆಜಿಯನ್ನು ಅವರ ಮಗ ಸದ್ಯಕ್ಕೆ ಕಲ್ಯಾಣದಲ್ಲಿರುವ ತನ್ನ ಅಕ್ಕನ ಮನೆಗೆ ಸೇರಿಸಿದ್ದ. ಆಜಿಗೆ ಅಲ್ಲಿ ನಿದ್ದೆಯಿಲ್ಲ, ನನ್ನ ಮನೆಗೆ ಯಾವಾಗ ಎಂದು ದಿನಾ ಕೇಳುತ್ತಾರೆ. ಗಣಪತಿ ಹಬ್ಬದೊಳಗೆ ಅವರನ್ನು ಮನೆಗೆ ಕರೆತರುವುದಾಗಿ ಅಣ್ಣ ತಾವೇ ಮಾತು ಕೊಟ್ಟುಬಿಟ್ಟಿದ್ದರು. ಅಷ್ಟರೊಳಗೆ ಗ್ರೈಂಡರ್ ನಡುಗುವುದು ನಿಲ್ಲಬೇಕು. ನಿಲ್ಲದಿದ್ದರೆ ಗ್ರೈಂಡರನ್ನೇ ತೆಗೆದು, ಹೊರಗಿನ ಫ್ಯಾಕ್ಟರಿ ಹಿಟ್ಟು ತರಿಸುವುದು. ಆ ಹೋಟೆಲಿಗೆ ಜನ ಬರುವುದೇ ಅಲ್ಲಿ ಅರೆದ ಹಿಟ್ಟಿನ ದೋಸೆಗೆ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ದೊಡ್ಡ ಕಂಪನಿಯವರನ್ನು ಕೇಳಿದ್ದಕ್ಕೆ ನೆಲ ಅಗೆದು ಬೇರೆ ಪಾಯ ಹಾಕಬೇಕು ಎಂದಿದ್ದರಂತೆ. ಹಳೆಯ ಕಟ್ಟಡ, ಅಗೆಯಲು ಸೊಸೈಟಿ ಒಪ್ಪುವುದಿಲ್ಲ.

ಅಗೆಯದೆ ಮಾಡಬೇಕೆಂದರೆ ಮೂರು ವಸ್ತು ಕೂಡಬೇಕಿತ್ತು. ಗ್ರೈಂಡರ್ ಕೂರಲು ಭಾರವಾದ ಉಕ್ಕಿನ ಫ್ರೇಮು, ಫ್ರೇಮಿನ ನಾಲ್ಕು ಮೂಲೆಗೆ ನಡುಕ ನುಂಗುವ ರಬ್ಬರ್ ಪಾದ, ಮತ್ತು ಜರ್ಕ್ ಹೊಡೆಯದೆ ಶುರುವಾಗುವ ಮೋಟಾರು. ಇಂಥದ್ದನ್ನು ಹೋಟೆಲ್ ಗ್ರೈಂಡರಿಗಾಗಿ ಮಾಡಿದ್ದು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಸರಿಹೋದರೆ ಮುಂಬಯಿಯ ಎಷ್ಟೋ ಹೋಟೆಲುಗಳಿಗೆ ಬೇಕಾಗುವ ವಸ್ತು ಎಂಬುದು ಮೂವರ ತಲೆಯಲ್ಲೂ ಹೊಳೆಯಿತು. ಹೊಳೆದದ್ದು ಮುಖದಲ್ಲಿ ಕಾಣಬಾರದೆಂದು ಮೂವರೂ ಸಾಂಬಾರಿನ ಬಟ್ಟಲು ನೋಡುತ್ತಿದ್ದೆವು.

ಹಂಚಿಕೆ ಅಲ್ಲೇ ಆಯಿತು. ಫ್ರೇಮು ನೂರ ಎಂಬತ್ತು ಕಿಲೋ. ರಬ್ಬರಿನ ಗಟ್ಟಿತನ ಮೀಟರಿನಲ್ಲಿ ನಲವತ್ತೈದು. ಮೋಟಾರು ನಿಮಿಷಕ್ಕೆ ಸಾವಿರದ ನಾನೂರ ನಲವತ್ತು ಸುತ್ತು. ಈ ಮೂರು ಅಂಕಿಯನ್ನು ಠಾಣೆಯವನು ಲೆಕ್ಕ ಹಾಕಿ ಬಿಲ್ಲಿನ ಹಿಂಬದಿಗೆ ಬರೆದ. ನಾವಿಬ್ಬರೂ ಗೋಣು ಹಾಕಿದೆವು.

ನಮ್ಮ ಕೂಟಕ್ಕೊಂದು ಕಾಗದವೂ ಆಯಿತು. ಕೆಲವು ತಿಂಗಳ ಹಿಂದೆ ಠಾಣೆಯಲ್ಲಿ ಸಣ್ಣ ಉದ್ಯಮದವರ ಒಂದು ಸಭೆಗೆ ಹೋಗಿದ್ದೆ. ಅಲ್ಲೊಬ್ಬರು ಪರದೆಯ ಮೇಲೆ ಒಂದರೊಳಗೊಂದು ಸಿಕ್ಕಿಕೊಂಡ ಮೂರು ವೃತ್ತ ತೋರಿಸಿ, ಸಣ್ಣವರು ಸೇರಿ ಹೊಸದನ್ನು ಮಾಡಬೇಕು, ಒಪ್ಪಂದ ಬರವಣಿಗೆಯಲ್ಲಿರಬೇಕು ಎಂದಿದ್ದರು. ಆ ಮಾತು ನೆನಪಾಗಿ ನಾನೇ ನನ್ನ ಸಿಎ ಹತ್ತಿರ ಎರಡು ಪುಟ ಬರೆಸಿದೆ. ಅದರಲ್ಲಿ ನಾನು ಒತ್ತಿ ಹೇಳಿ ಹಾಕಿಸಿದ ಒಂದು ಕಲಮು ಇತ್ತು. ಒಬ್ಬರ ತಯಾರಿಕೆಯ ಗುಟ್ಟನ್ನು ಇನ್ನೊಬ್ಬರು ಕೇಳತಕ್ಕದ್ದಲ್ಲ.

ಅದಕ್ಕೆ ಕಾರಣ ಹೇಳಬೇಕು. ರಬ್ಬರಿನ ಕೆಲಸದಲ್ಲಿ ಮಶೀನು ಯಾರ ಹತ್ತಿರವೂ ಇರುತ್ತದೆ, ಅನ್ನ ಹುಟ್ಟುವುದು ಪಾಕದಲ್ಲಿ. ಕಚ್ಚಾ ರಬ್ಬರಿಗೆ ಎಷ್ಟು ಕಾರ್ಬನ್ ಕಪ್ಪು, ಎಷ್ಟು ಎಣ್ಣೆ, ಗಂಧಕ ಯಾವಾಗ ಎಂಬುದರ ಮೇಲೆ ಮೆತ್ತಗೋ ಗಟ್ಟಿಯೋ ನಿಲ್ಲುತ್ತದೆ. ನಮ್ಮ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಯಾರೂ ಡಬ್ಬಿಗಳ ಮೇಲೆ ನಿಜವಾದ ಹೆಸರು ಬರೆಯುವುದಿಲ್ಲ. ನನ್ನಲ್ಲಿ ಹೂವಿನ ಹೆಸರುಗಳಿವೆ. ಮಲ್ಲಿಗೆ ಎಂದರೆ ಏನು, ಸಂಪಿಗೆ ಎಂದರೆ ಏನು ಎಂದು ನನಗೊಬ್ಬಳಿಗೇ ಗೊತ್ತು. ಕೊನೆಗೆ ಸೇರಿಸುವ ಸಣ್ಣ ಪೊಟ್ಟಣವನ್ನಂತೂ ಮನೆಯ ಊಟದ ಮೇಜಿನ ಮೇಲೆ ನಾನೇ ತೂಗುತ್ತೇನೆ. ಪುಡಿ ಹಾರಬಾರದೆಂದು ಫ್ಯಾನು ಬಂದ್. ಬ್ಯಾಂಕಿನಿಂದ ಬೆವೆತು ಬಂದ ನನ್ನ ಗಂಡ ಅಷ್ಟು ಹೊತ್ತು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ ಕೂರುತ್ತಾರೆ, ಒಂದು ದಿನವೂ ಗೊಣಗಿದವರಲ್ಲ. ಪಾಕದ ನೋಟ್‌ಬುಕ್ಕು ನನಗೆ ಕೊಟ್ಟವರು ನಾನು ಮೊದಲು ಕೆಲಸಕ್ಕಿದ್ದ ಕಾರ್ಖಾನೆಯ ಮೇಸ್ತ್ರಿ. ಅವರ ಕೈಬರಹದ ಕೆಳಗೆ ಇಪ್ಪತ್ತು ವರ್ಷದ ನನ್ನ ಕೈಬರಹ ಸೇರಿದೆ. ಅವರು ತೀರಿಹೋದ ಮೇಲೂ ಅದನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸಿರಲಿಲ್ಲ.

ಪಾದಗಳನ್ನು ಮಾಡುವಾಗ ನಾನು ಒಂದು ಕೆಲಸ ಮಾಡಿದೆ. ಯಾರಿಗೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ಕಳಂಬೋಲಿಯವರು ಮಾಡಿದ ಒಂದು ಪೆಟ್ಟಿಗೆಯ ಭಾರದ ಮುಚ್ಚಳದ ಕೆಳಗೆ ನನ್ನ ರಬ್ಬರು ಕುಸಿದು ಚಪ್ಪಟೆಯಾಗಿತ್ತು. ಅವರು ಒಂದೂ ಮಾತಾಡದೆ ನಕ್ಕು ಬಿಟ್ಟಿದ್ದರು, ನನಗೆ ಮಾತ್ರ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು. ಅವರ ಕೈ ಭಾರ, ನೂರ ಎಂಬತ್ತು ಎಂದವರು ಇನ್ನೂರ ಇಪ್ಪತ್ತು ಮಾಡಿಯೇ ಮಾಡುತ್ತಾರೆ ಎಂದುಕೊಂಡು, ಕಾರ್ಬನ್ ಎರಡು ಮುಷ್ಟಿ ಜಾಸ್ತಿ ಹಾಕಿ ನಲವತ್ತೈದರ ಬದಲು ಐವತ್ತೈದಕ್ಕೆ ತಂದೆ. ಒಪ್ಪಿಸುವಾಗ ಚೀಟಿಯ ಮೇಲೆ ನಲವತ್ತೈದು ಎಂದೇ ಬರೆದೆ.

ಮೊದಲ ಪರೀಕ್ಷೆ ಒಂದು ಮಧ್ಯಾಹ್ನ, ಹೋಟೆಲಿಗೆ ಬಿಡುವಿನ ಹೊತ್ತಿನಲ್ಲಿ. ಮೇಲೆ ಆಜಿಯ ಕೋಣೆಯ ನೆಲದ ಮೇಲೆ ಸ್ಟೀಲ್ ತಟ್ಟೆಯಿಟ್ಟು ಒಂದು ಹಿಡಿ ಸಾಸಿವೆ ಹರಡಿದೆ. ಠಾಣೆಯವನು ಪಕ್ಕದಲ್ಲಿ ಮೊಬೈಲ್ ಇಟ್ಟು ನಡುಕದ ಗೆರೆ ನೋಡುತ್ತಿದ್ದ. ಅವನ ಗೆರೆಗಿಂತ ನನಗೆ ಸಾಸಿವೆಯ ಮೇಲೆ ನಂಬಿಕೆ. ಕೆಳಗೆ ಗ್ರೈಂಡರ್ ಶುರುವಾದ ಕೂಡಲೇ ಸಾಸಿವೆ ಮೊದಲಿನಂತೆಯೇ ಕುಣಿಯಿತು. ಮೊದಲಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೇ ಕುಣಿಯಿತು ಅಂತಲೂ ಅನ್ನಿಸಿತು.

ಮೇಜಿನ ಸುತ್ತ ಕೂತಾಗ ಮೂವರೂ ಒಬ್ಬರಿಗಿಂತ ಒಬ್ಬರು ಒಳ್ಳೆಯವರಾದೆವು. ನನ್ನ ಫ್ರೇಮೇ ಏನೋ ಹೆಚ್ಚುಕಡಿಮೆ ಇರಬೇಕು ಎಂದರು ಕಳಂಬೋಲಿಯವರು. ಇಲ್ಲ, ಮೋಟಾರಿನದೇ ಎಂದು ಠಾಣೆಯವನು. ರಬ್ಬರಿನದೇ ಇರಬಹುದು ಎಂದು ನಾನು. ಏನು ಹೆಚ್ಚುಕಡಿಮೆ ಎಂದು ಕೇಳಲು ಹೋದವರು ಯಾರೂ ಇಲ್ಲ. ಕೇಳಬಾರದೆಂದು ಕಾಗದದಲ್ಲೇ ಬರೆದಿತ್ತಲ್ಲ. ಎಲ್ಲರೂ ತಂತಮ್ಮದನ್ನು ಸರಿಮಾಡಿಕೊಂಡು ಬರೋಣ ಎಂದಾಯಿತು. ಅಣ್ಣ ಕೇಸರಿಬಾತು ಕೊಟ್ಟು ಕಳಿಸಿದರು.

ನನ್ನ ರಬ್ಬರಿನ ಪಾದ ಫ್ರೇಮಿನ ಭಾರಕ್ಕೆ ತಾಳಲಿಲ್ಲ ಎಂದೇ ನಾನು ತಿಳಿದದ್ದು. ಹಳೆಯ ಅವಮಾನ ಕಣ್ಣು ಕಟ್ಟಿತ್ತು. ಎರಡನೆಯ ಸಲ ಅರವತ್ತೈದಕ್ಕೆ ಹೋದೆ. ಅಚ್ಚೊತ್ತುವ ಪ್ರೆಸ್ಸಿನಿಂದ ತೆಗೆದ ಪಾದ ಉಗುರು ನಾಟದಷ್ಟು ಗಟ್ಟಿ. ಮೂರು ವಾರ ಇದರಲ್ಲೇ ಕಳೆಯಿತು.

ಎರಡನೆಯ ಪರೀಕ್ಷೆಗೆ ಮತ್ತೆ ಸೇರಿದೆವು. ಗ್ರೈಂಡರ್ ಶುರುವಾಗಿ ಅರ್ಧ ನಿಮಿಷ ಸುಮ್ಮನಿತ್ತು. ಆಮೇಲೆ ಪೂರ್ತಿ ವೇಗಕ್ಕೆ ಬಂತೋ ಇಲ್ಲವೋ, ಇಡೀ ಫ್ರೇಮು ಮೈಮೇಲೆ ದೇವರು ಬಂದ ಹಾಗೆ ತೂಗತೊಡಗಿತು. ಗೋಡೆಯ ಹಲಗೆಯಿಂದ ಲೋಟಗಳು ಸಾಲಾಗಿ ನೆಲಕ್ಕೆ ಬಿದ್ದವು. ಮೇಲಿದ್ದ ಠಾಣೆಯವನು ಮೆಟ್ಟಿಲು ಹಾರಿ ಇಳಿದು ಬಂದು ಸ್ವಿಚ್ಚು ಆರಿಸಿದ. ತಟ್ಟೆಯಲ್ಲಿ ಒಂದು ಸಾಸಿವೆಯೂ ಉಳಿದಿಲ್ಲ, ಎಲ್ಲ ಆಜಿಯ ಮಂಚದ ಕೆಳಗೆ ಹೋಗಿವೆ ಎಂದ.

ಅಣ್ಣ ಬಗ್ಗಿ ಲೋಟ ಆರಿಸಿದರು. ನಾವೂ ಆರಿಸಿದೆವು. ಬೈದಿದ್ದರೆ ಚೆನ್ನಾಗಿತ್ತು. ಅವರು ಮೆಲ್ಲಗೆ, ನೀವು ಮೂವರೂ ನನಗಾಗಿ ಇಷ್ಟು ಓಡಾಡಿದಿರಿ, ಸಾಕು ಎಂದರು. ಫ್ಯಾಕ್ಟರಿ ಹಿಟ್ಟಿನ ಒಂದು ಬಕೆಟ್ ಮಾದರಿಗೆ ತರಿಸಿಯೂ ಆಗಿತ್ತು. ಅದರ ಮೇಲಿನ ಲೇಬಲ್ಲನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದರು. ಬರುವ ವಾರ ಗ್ರೈಂಡರನ್ನು ಕಳಂಬೋಲಿಯ ಗುಜರಿಗೆ ಕಳಿಸುವುದು, ಅದರ ಮರುದಿನವೇ ಆಜಿಯನ್ನು ಕರೆಸುವುದು ಎಂದು ಮಗನಿಗೆ ಫೋನು ಮಾಡುತ್ತೇನೆ ಎಂದರು. ಹೇಳುತ್ತ ಹೇಳುತ್ತ ಗ್ರೈಂಡರಿನ ಕಲ್ಲನ್ನು ಪಂಚೆಯ ತುದಿಯಿಂದ ಒರೆಸುತ್ತಿದ್ದರು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಹಾಗೆ ತಿರುಗಿಸಿದ ಕಣ್ಣು ಫ್ರೇಮಿನ ಮೂಲೆಗೆ ಬಿತ್ತು. ಬಗ್ಗಿ ನೋಡಿದೆ. ಗ್ರೈಂಡರು, ಫ್ರೇಮು, ಹಿಟ್ಟು ಎಲ್ಲ ಕೂತಾಗ ನನ್ನ ಪಾದ ನಾಲ್ಕು ಮಿಲಿಮೀಟರ್ ಒತ್ತಬೇಕಿತ್ತು. ಚೀಲದಿಂದ ಅಳತೆಪಟ್ಟಿ ತೆಗೆದು ಹಿಡಿದರೆ ಒಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೇ. ಕುಸಿಯುವ ಮಾತು ಅತ್ತ ಇರಲಿ, ಪಾದ ಬಗ್ಗಿಯೇ ಇರಲಿಲ್ಲ. ನಾನು ಗಟ್ಟಿ ಮಾಡಿದ್ದು ಹೌದು. ಆದರೆ ಅದೊಂದರಿಂದ ಇಷ್ಟಾಗುವುದಿಲ್ಲ. ಫ್ರೇಮು ಹೇಳಿದಷ್ಟು ಭಾರ ಇಲ್ಲ.

ವಾಪಸು ಗಾಡಿಯಲ್ಲಿ ಠಾಣೆಯವನೂ ನಾನೂ ಎದುರುಬದುರು ಕೂತಿದ್ದೆವು. ಕಳಂಬೋಲಿಯವರನ್ನು ಫ್ರೇಮಿನ ನಿಜವಾದ ತೂಕ ಕೇಳಬೇಕು. ಕೇಳಬೇಕಾದರೆ ಮೊದಲು ನಾನು ಸುಳ್ಳು ಚೀಟಿ ಬರೆದದ್ದನ್ನು ಹೇಳಬೇಕು. ಬರೀ ಹೇಳಿದರೂ ಸಾಲದು. ನಲವತ್ತೈದನ್ನು ಮತ್ತೆ ಸರಿಯಾಗಿ ಹಿಡಿಯಬೇಕಾದರೆ ಯಾವ ಭಾರಕ್ಕೆ ಯಾವ ಪಾಕ ಎಷ್ಟು ಬಗ್ಗುತ್ತದೆ ಎಂಬುದನ್ನು ಮೂವರೂ ಕೂತು ನೋಡಬೇಕು, ಅದಿರುವುದು ನೋಟ್‌ಬುಕ್ಕಿನಲ್ಲಿ. ಕಳಂಬೋಲಿಯವರಿಗೆ ನನ್ನಂಥ ಇನ್ನೂ ನಾಲ್ಕು ಪ್ರೆಸ್ಸಿನವರು ಗೊತ್ತು. ಪಾಕ ಒಂದು ಸಲ ಹೊರಗೆ ಹೋದರೆ ನನ್ನ ಎರಡು ಪ್ರೆಸ್ಸು, ಆರು ಜನ ಹೆಂಗಸರ ಕೆಲಸ ಯಾರದೋ ಒಳ್ಳೆಯತನದ ಮೇಲೆ ನಿಲ್ಲುತ್ತವೆ. ನನಗೆ ಭಯವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದರೆ ಅವರು, ಇಷ್ಟು ವರ್ಷ ಬೆವರಿದವನು ನಾನು, ನನ್ನನ್ನೂ ಒಂದು ಮಾತು ಕೇಳಬೇಕಲ್ಲ ಎಂದು ನಕ್ಕರು. ಕೇಳಿದೆ. ಕರೆದು ತೋರಿಸಿಬಿಡು ಎಂದರು.

ನಮ್ಮಲ್ಲಿ ವಾರದ ರಜೆ ಶುಕ್ರವಾರ. ಆ ಶುಕ್ರವಾರ ಇಬ್ಬರನ್ನೂ ನನ್ನ ಗಾಳಾಕ್ಕೆ ಕರೆಸಿದೆ. ಮಶೀನು ನಿಂತ ಗಾಳಾದಲ್ಲಿ ರಬ್ಬರಿನ ಘಾಟು ಮಾತ್ರ ಇತ್ತು. ಪ್ಯಾಕಿಂಗ್ ಮೇಜಿನ ಮೇಲೆ ನೋಟ್‌ಬುಕ್ಕು ತೆರೆದಿಟ್ಟು, ಪಕ್ಕಕ್ಕೆ ಗಟ್ಟಿತನದ ಮೀಟರ್ ಇಟ್ಟೆ.

"ನಾ ನಿಮಗ ಸುಳ್ಳು ಹೇಳೀನಿ," ಎಂದೆ. "ಚೀಟಿ ಮ್ಯಾಲೆ ಬರದದ್ದು ನಲವತ್ತೈದು. ಕೊಟ್ಟದ್ದು ಮೊದಲ ಐವತ್ತೈದು, ಆಮ್ಯಾಲೆ ಅರವತ್ತೈದು. ನಿಮ್ಮ ಫ್ರೇಮ್ ಭಾರ ಆಗ್ತದ, ನಂದು ಮತ್ತ ಕುಸೀತದ ಅಂತ ಹೆದರಿ ಮಾಡಿದೆ. ಇದು ನನ್ನ ಪಾಕದ ಬುಕ್ಕು. ಓದ್ರಿ."

ಯಾರೂ ನೋಟ್‌ಬುಕ್ಕು ಮುಟ್ಟಲಿಲ್ಲ. ಕಳಂಬೋಲಿಯವರು ಕನ್ನಡಕ ತೆಗೆದು ಅಂಗಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು.

"ನನ್ನ ಫ್ರೇಮು ನೂರ ಹತ್ತು ಕಿಲೋ ಅಕ್ಕ," ಎಂದರು. "ಎರಡನೇ ಸಲ ಇನ್ನೂ ಹತ್ತು ಕಿಲೋ ಕೆರೆದು ತೆಗ್ದೆ. ಅವತ್ತು ಆ ಮುಚ್ಚಳ ಕುಸಿದಾಗ ನಿಮ್ಮ ಮುಖ ನೋಡಿದ್ದೆ ನಾನು. ತಪ್ಪು ನಂದೇ ಇತ್ತು, ನಾನೇ ಹೇಳಿದ್ದಕ್ಕಿಂತ ಭಾರ ಮಾಡಿದ್ದೆ, ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಈ ಸಲ ನಿಮ್ಮ ರಬ್ಬರಿಗೆ ಭಾರ ಆಗುದು ಬೇಡ ಅಂತ ತೆಳು ಉಕ್ಕಿನ ಚಾನೆಲ್ ಹಾಕಿದೆ."

ಎರಡು ವರ್ಷ ನಾವಿಬ್ಬರೂ ಒಂದೇ ಮುಚ್ಚಳವನ್ನು ಹೊತ್ತುಕೊಂಡು ತಿರುಗಿದ್ದೆವು. ಅವರ ಮೇಲೆ ಸಿಟ್ಟೂ ಬಂತು, ಕೈ ಹಿಡಿದುಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಠಾಣೆಯವನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಮೀಟರಿನ ಮುಳ್ಳನ್ನು ಉಗುರಿನಿಂದ ತಟ್ಟುತ್ತಿದ್ದ.

"ಮೈನೇ ಭೀ ಕಿಯಾ, ಅಕ್ಕಾ," ಎಂದ, ನಾನೂ ಮಾಡಿದ್ದೇನೆ ಎಂದು. ಸಾವಿರದ ನಾನೂರ ನಲವತ್ತು ಎಂದು ಹೇಳಿ ಮೊದಲ ಸಲ ಸಾವಿರದ ನೂರಕ್ಕೆ ಇಳಿಸಿದ್ದನಂತೆ, ಎರಡನೆಯ ಸಲ ಎಂಟುನೂರ ಐವತ್ತಕ್ಕೆ. ನೀವಿಬ್ಬರೂ ದೊಡ್ಡವರು, ನಿಮ್ಮ ಕೆಲಸ ನಡುಗಿದರೆ ನಿಮಗೆ ಮುಜುಗರ, ವೇಗ ಕಡಿಮೆಯಾದರೆ ನಡುಕವೂ ಕಡಿಮೆಯಾದೀತು ಎಂದು ಸುಮ್ಮನೆ ಡ್ರೈವಿನ ಗುಂಡಿ ತಿರುಗಿಸಿದ್ದೆ ಎಂದ. ಹೇಳುತ್ತ ಹೇಳುತ್ತ ಅವನಿಗೇ ಏನೋ ಹೊಳೆಯಿತು. ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆ ಎಳೆದು ಅದರ ಮೇಲೆ ಪೆನ್ನಿನಿಂದ ಒಂದು ಗುಡ್ಡ ಬಿಡಿಸಿದ.

ಅವನು ಹಿಂದಿಯಲ್ಲಿ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ರಬ್ಬರಿನ ಮೇಲೆ ಕೂತ ಯಾವ ವಸ್ತುವಿಗೂ ತನ್ನದೇ ಒಂದು ತೂಗಾಟದ ಲಯ ಇರುತ್ತದೆ, ತೊಟ್ಟಿಲಿಗೆ ಇರುವ ಹಾಗೆ. ಮೋಟಾರು ಆ ಲಯಕ್ಕಿಂತ ಬಹಳ ಬೇಗ ತಿರುಗುತ್ತಿದ್ದರೆ ತೊಟ್ಟಿಲಿಗೆ ಅದರ ಗೊಡವೆಯೇ ಇಲ್ಲ. ಮೋಟಾರಿನ ಲಯ, ತೊಟ್ಟಿಲಿನ ಲಯ ಎರಡೂ ಒಂದಾದರೆ ಪ್ರತಿ ಸುತ್ತೂ ಸರಿಯಾದ ಹೊತ್ತಿಗೆ ಒಂದು ತಳ್ಳು ಕೊಟ್ಟಂತೆ. ರಬ್ಬರು ಗಟ್ಟಿಯಾದರೆ ತೂಗಾಟದ ಲಯ ಬೇಗ ಆಗುತ್ತದೆ, ಮೇಲಿನ ಭಾರ ಕಡಿಮೆಯಾದರೂ ಬೇಗ ಆಗುತ್ತದೆ. ನಾವಿಬ್ಬರೂ ಸೇರಿ ಅದನ್ನು ಮೇಲೆ ತಳ್ಳಿದ್ದೆವು. ಅವನು ಮೋಟಾರನ್ನು ಕೆಳಗೆ ತಂದಿದ್ದ. ಗುಡ್ಡದ ತುದಿಯಲ್ಲಿ ಮೂವರೂ ಅಚ್ಚುಕಟ್ಟಾಗಿ ಭೇಟಿಯಾಗಿದ್ದೆವು.

"ಕೆಡಿಸಬೇಕಂತ ಕೂತಿದ್ರ ಇಷ್ಟು ಚೊಲೋ ಕೆಡಿಸಾಕ ಆಗ್ತಿರಲಿಲ್ಲ," ಎಂದೆ. ಕಳಂಬೋಲಿಯವರು ನಗಲು ಶುರುಮಾಡಿದರು, ಆಮೇಲೆ ನಾವೂ. ನಗುವುದು ನಿಂತ ಮೇಲೆ ನೋಡಿದರೆ ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ ಅಷ್ಟೇ.

ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿ, ಗ್ರೈಂಡರನ್ನು ಗುಜರಿಗೆ ಕಳಿಸಬೇಡಿ, ಇನ್ನೊಂದೇ ಒಂದು ಸಲ ಎಂದು ಕೇಳಿಕೊಂಡೆ. ಯಾಕೋ ಅನುಮಾನ ಬಂದು, ಪರೀಕ್ಷೆಯ ದಿನ ಎಷ್ಟು ಉದ್ದು ಹಾಕಿದ್ದಿರಿ ಎಂದೂ ಕೇಳಿದೆ. ದಿನದ ಅರ್ಧ ಹಾಕಿದ್ದೆ, ಹೊಸ ಜೋಡಣೆ, ನಿಮಗೆಲ್ಲ ಕಷ್ಟ ಆಗಬಾರದಲ್ಲ ಎಂದರು. ಆ ವೇಗಕ್ಕೆ ಉದ್ದು ಹೂವಿನಂತೆ ಅರಳಿಯೇ ಇರಲಿಲ್ಲವಂತೆ, ಅದನ್ನೂ ನಮಗೆ ಹೇಳಿರಲಿಲ್ಲ. ಹೀಗೆ ನಾಲ್ಕನೆಯವರೂ ನಮ್ಮ ಜೊತೆ ಗುಡ್ಡದ ಮೇಲೆ ನಿಂತಿದ್ದರು.

ಆ ದಿನ ಸಂಜೆಯವರೆಗೆ ನೋಟ್‌ಬುಕ್ಕು ಮೇಜಿನ ಮೇಲೆ ತೆರೆದೇ ಇತ್ತು. ಮಲ್ಲಿಗೆ ಎಂದರೆ ಯಾವುದು, ಸಂಪಿಗೆ ಎಂದರೆ ಯಾವುದು ಎಂದು ಹೇಳಿದೆ. ಕಳಂಬೋಲಿಯವರು ತಮ್ಮ ಬೆಸುಗೆಯಲ್ಲಿ ಫ್ರೇಮು ಸೊಟ್ಟಗಾಗದಿರಲು ಯಾವ ಮೂಲೆಯಿಂದ ಯಾವ ಮೂಲೆಗೆ ಹೋಗುತ್ತಾರೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಅದು ಅವರ ಮನೆಯ ಗುಟ್ಟು, ಯಾರೂ ಕೇಳಿರಲಿಲ್ಲ. ಸಿಎ ಬರೆದ ಕಾಗದವನ್ನು ಹರಿಯಲಿಲ್ಲ. ಅದರ ಕೆಳಗೆ ಕೈಯಲ್ಲೇ ಎರಡು ಸಾಲು ಸೇರಿಸಿದೆವು. ಇನ್ನು ಮೇಲೆ ಯಾರೂ ತಮ್ಮದನ್ನು ತಾವೇ ಅಳೆಯತಕ್ಕದ್ದಲ್ಲ. ಫ್ರೇಮು ತೂಗುವವಳು ನಾನು, ರಬ್ಬರಿಗೆ ಮೀಟರ್ ಒತ್ತುವವನು ಠಾಣೆಯವನು, ಮೋಟಾರಿನ ಸುತ್ತು ಎಣಿಸುವವರು ಕಳಂಬೋಲಿಯವರು.

ಹೊಸ ಫ್ರೇಮನ್ನು ಕಳಂಬೋಲಿಯ ತೂಕದ ಕಾಂಟಾದಲ್ಲಿ ನಾನೇ ಎದುರು ನಿಂತು ತೂಗಿಸಿದೆ. ನೂರ ಎಂಬತ್ತಕ್ಕೆ ಎರಡು ಕಿಲೋ ಕಡಿಮೆ ಬಂತು. ಪರವಾಗಿಲ್ಲ ಎನ್ನಲು ಬಾಯಿ ತೆರೆದಿದ್ದೆ, ಮುಚ್ಚಿಕೊಂಡು ಎರಡು ಕಿಲೋ ಕಡಿಮೆ ಎಂದೆ. ಅವರು ನಗುತ್ತಲೇ ಒಂದು ಪಟ್ಟಿ ಬೆಸೆದರು. ನನ್ನ ಪಾದ ಮೊದಲ ಸಲ ನಲವತ್ತೊಂಬತ್ತಕ್ಕೆ ಬಂತು. ಠಾಣೆಯವನು ಮೀಟರ್ ಹಿಡಿದು ಬಹಳ ಸಂಕೋಚದಿಂದ, ನಹೀ ಚಲೇಗಾ ಅಕ್ಕಾ, ಇದು ನಡೆಯದು ಎಂದ. ಒಂದು ಇಡೀ ಪಾಕ ಹಾಳಾಯಿತೆಂದು ಒಳಗೆ ಉರಿಯಿತು, ಆದರೂ ಅವನಿಗೆ ಚಹಾ ತರಿಸಿದೆ. ಎರಡನೆಯ ಪಾಕ ನಲವತ್ತೈದಕ್ಕೆ ಸರಿಯಾಗಿ ನಿಂತಿತು. ಮೋಟಾರು ಮೊದಲು ಒಪ್ಪಿದ ವೇಗಕ್ಕೆ ಹೋಯಿತು, ಶುರುವಾಗುವಾಗ ಆ ಕೆಟ್ಟ ಲಯವನ್ನು ಒಂದೇ ಉಸಿರಿಗೆ ದಾಟುವ ಹಾಗೆ ಡ್ರೈವ್ ಕಟ್ಟಿದ. ಹೋಟೆಲಿನಲ್ಲಿ ಕೂರಿಸಿ, ದಿನದ ಪೂರ್ತಿ ಉದ್ದು ಹಾಕಿಸಿ ನೋಡಿದಾಗ ಪಾದ ನಾಲ್ಕು ಮಿಲಿಮೀಟರ್ ಒತ್ತಿತ್ತು. ಮೇಲಿನ ತಟ್ಟೆಯಲ್ಲಿ ಸಾಸಿವೆ ಅಲುಗಲಿಲ್ಲ.

ಗಣಪತಿಗೆ ಆರು ದಿನ ಇರುವಾಗ ಆಜಿಯನ್ನು ಕಲ್ಯಾಣದಿಂದ ಕರೆತಂದರು. ಮರುದಿನ ಬೆಳಿಗ್ಗೆ ಆರಕ್ಕೆ ನಾವು ಮೂವರೂ ಅವರ ಕೋಣೆಯಲ್ಲಿದ್ದೆವು. ಸಾಸಿವೆಗೆ ಮೂಳೆ ಮುರಿದಿಲ್ಲ, ಆಜಿಯೇ ಹೇಳಬೇಕು. ಸಣ್ಣ ಜೀವ, ಬಿಳಿ ಕೂದಲು, ಕಾಲ ಕೆಳಗೆ ಎರಡು ದಿಂಬು. ಗೋಡೆಯ ಮೇಲೆ ಅಂಗೈ ಇಟ್ಟುಕೊಳ್ಳಿ, ನಡುಕ ಬಂದ ಕೂಡಲೇ ಕೈ ಎತ್ತಿ ಎಂದು ಮರಾಠಿಯಲ್ಲಿ ಹೇಳಿದೆ. ಎಷ್ಟು ಹೊತ್ತಿಗೆ ಶುರು ಎಂಬುದನ್ನು ಹೇಳಲಿಲ್ಲ. ಹೇಳಿದರೆ ಅವರೂ ನಮ್ಮ ಹಾಗೆಯೇ, ನಮಗೆ ಬೇಸರವಾಗಬಾರದೆಂದು ಏನೂ ಇಲ್ಲ ಎಂದುಬಿಡುವವರು. ಎರಡು ವಾರ ತುಟಿ ಕಚ್ಚಿ ಮಲಗಿದವರಲ್ಲವೇ.

ಕೆಳಗೆ ಅಣ್ಣ ಗ್ರೈಂಡರಿನ ಹತ್ತಿರ ಇದ್ದರು. ಶುರುಮಾಡಿದೆ ಎಂಬುದಕ್ಕೆ ಗುರುತಾಗಿ ನನ್ನ ಫೋನಿಗೆ ಒಂದು ಮಿಸ್ಡ್ ಕಾಲ್ ಬಂತು. ಆಜಿ ಗೋಡೆಗೆ ಕೈಯಿಟ್ಟು, ಕಣ್ಣರಳಿಸಿ, ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದರು. ಐದು ನಿಮಿಷ ಆಯಿತು. ಹತ್ತು ಆಯಿತು.

"ಕಧೀ ಚಾಲೂ ಕರಣಾರ?" ಎಂದು ಕೇಳಿದರು. ಯಾವಾಗ ಶುರುಮಾಡುತ್ತೀರಿ ಎಂದು.

ಕಳಂಬೋಲಿಯವರು ಬಾಯಿ ತೆರೆದರು. ನಾನು ಕಣ್ಣಲ್ಲೇ ತಡೆದೆ. ಇನ್ನು ಸ್ವಲ್ಪ ಹೊತ್ತು ಎಂದೆ. ಆಜಿ ತಲೆಯಾಡಿಸಿ ಕಾಯತೊಡಗಿದರು. ಕಲ್ಯಾಣದಲ್ಲಿ ಎಷ್ಟು ರಾತ್ರಿಗಳ ನಿದ್ದೆ ಬಾಕಿ ಇತ್ತೋ, ರೆಪ್ಪೆ ಭಾರವಾಗತೊಡಗಿತು. ಗೋಡೆಯ ಮೇಲಿನ ಅಂಗೈ ಒಂದು ಗೇಣು ಜಾರಿತು, ಇನ್ನೊಂದು ಗೇಣು ಜಾರಿ ಹೊದಿಕೆಯ ಮೇಲೆ ಬಂದು ನಿಂತಿತು. ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ ಶುರುವಾಯಿತು. ಠಾಣೆಯವನು ಚಪ್ಪಲಿಯಿಲ್ಲದ ಕಾಲನ್ನೂ ಅಲ್ಲಾಡಿಸದೆ ನಿಂತಿದ್ದ.

ಕೈಯಲ್ಲಿದ್ದ ಫೋನು ಅದುರಿತು. ಅಣ್ಣ. ಬಾಗಿಲಿಗೆ ಸರಿದು, ಬಾಯಿಗೆ ಕೈ ಅಡ್ಡ ಹಿಡಿದು ಎತ್ತಿದೆ.

"ಎಂತ ಹೇಳ್ತಾರೆ ಆಜಿ?" ಎಂದು ಕೇಳಿದರು.

"ಮಲಗ್ಯಾರ," ಎಂದೆ.

ಅತ್ತ ಕಡೆ ಮೂಗು ಎಳೆದುಕೊಂಡದ್ದು ಕೇಳಿಸಿತು.

"ಹಾಗಾದ್ರೆ ನಿಲ್ಲಿಸ್ಲಾ? ಎಚ್ಚರ ಆಗುದು ಬೇಡ."

"ಬ್ಯಾಡ್ರಿ ಅಣ್ಣಾ," ಎಂದೆ. "ನೀವು ಉದ್ದು ಅರೀರಿ."